ಸಮವಸ್ತ್ರ: ಮೂಗಿಗಿಂತ ಮೂಗುತಿ ಭಾರ

ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ನಮ್ಮ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಒಂದು, ಊರಿನಿಂದ ಹಿಂದಿರುಗುವ ಪ್ರಯಾಣದ ಟಿಕೇಟು. ಇನ್ನೊಂದು, ಜೂನ್ ತಿಂಗಳ ನಡುವಿನಲ್ಲಿ ಬಾಗಿಲು ತೆರೆಯುವ ಶಾಲೆಯ ಖರ್ಚು. ಶುಲ್ಕದ ಮಾತು ಇರಲಿ, ಅದು ಹೇಗೂ ಇದ್ದದ್ದೇ. ಪುಸ್ತಕದ ಮಾತೂ ಇರಲಿ, ಅದು ಓದಿಗೆ ಬೇಕಾದದ್ದು. ಪಾಲಕರ ಎದೆ ಝಲ್ಲೆನಿಸುವುದು ಇವೆರಡರ ಜೊತೆಗೆ ಬರುವ ಸಮವಸ್ತ್ರದ ಪಟ್ಟಿ. ವಾರದ ನಾಲ್ಕು ದಿನಗಳಿಗೆ ಒಂದು ಬಗೆ, ವ್ಯಾಯಾಮದ ದಿನಕ್ಕೆ ಇನ್ನೊಂದು ಬಗೆ, ‘ಹೌಸ್’ ಬಣ್ಣದ ಟಿ-ಶರ್ಟು ಬೇರೆ; ಅದರ ಮೇಲೆ ಟೈ, ಬೆಲ್ಟು, ಬಿಲ್ಲೆ, ಶಾಲೆಯ ಲಾಂಛನ ನೇಯ್ದ ಕಾಲುಚೀಲ, ಕಪ್ಪು ಬೂಟು, ಬಿಳಿ ಬೂಟು. ಇಷ್ಟನ್ನೂ ಇಂಥ ಅಂಗಡಿಯಲ್ಲೇ ಕೊಳ್ಳತಕ್ಕದ್ದು ಎಂಬ ಸೂಚನೆ ಕೆಲವೊಮ್ಮೆ ಬರೆದು ಬರುತ್ತದೆ, ಹಲವೊಮ್ಮೆ ಬಾಯಿಮಾತಿನಲ್ಲಿ ಬರುತ್ತದೆ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಆ ತಿಂಗಳ ಸಂಬಳ ಎಲ್ಲಿ ಕರಗಿತೆಂದು ಕೇಳುವಂತೆಯೇ ಇಲ್ಲ.

ಈ ವಿಷಯದಲ್ಲಿ ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ನಾವು ಸಮವಸ್ತ್ರದ ವಿರೋಧಿಗಳಲ್ಲ. ಶಾಲೆಯಲ್ಲಿ ಸಮವಸ್ತ್ರ ಇರಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ಇರಬೇಕಾದದ್ದು ಒಂದೇ ಒಂದು ಕಾರಣಕ್ಕಾಗಿ: ಬಡವರ ಮಗು ಶ್ರೀಮಂತರ ಮಗುವಿನ ಪಕ್ಕದಲ್ಲಿ ತಲೆ ತಗ್ಗಿಸದೆ ಕುಳಿತುಕೊಳ್ಳುವಂತಾಗಬೇಕು. ಈ ಒಂದು ಕಾರಣವನ್ನು ತೆಗೆದುಹಾಕಿದರೆ ಸಮವಸ್ತ್ರಕ್ಕೆ ಉಳಿಯುವುದು ಬರಿಯ ಡೌಲು. ಯಾವ ಸಮವಸ್ತ್ರದಿಂದ ಬಡ ಪಾಲಕನಿಗೆ ಸಾಲ ಬೀಳುತ್ತದೆಯೋ, ಯಾವ ಸಮವಸ್ತ್ರ ಇಲ್ಲವೆಂಬ ಕಾರಣಕ್ಕೆ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಲಾಗುತ್ತದೆಯೋ, ಅದು ತಾನು ಹುಟ್ಟಿದ ಉದ್ದೇಶವನ್ನೇ ಕೊಂದುಕೊಂಡ ಸಮವಸ್ತ್ರ. ಮೂಗಿಗಿಂತ ಮೂಗುತಿ ಭಾರವಾದರೆ ಹರಿಯುವುದು ಮೂಗೇ ಹೊರತು ಮೂಗುತಿಯಲ್ಲ.

ಸಮವಸ್ತ್ರದ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳೋಣ. ನಮ್ಮ ದೇಶದಲ್ಲಿ ಬಟ್ಟೆ ಎಂದೂ ಬರಿಯ ಬಟ್ಟೆಯಾಗಿರಲಿಲ್ಲ. ಯಾರು ಏನನ್ನು ಉಡಬಹುದು, ಎಷ್ಟು ಉದ್ದ ಉಡಬಹುದು, ಯಾರ ಮುಂದೆ ಮೇಲುಹೊದಿಕೆ ತೆಗೆಯಬೇಕು ಎಂಬುದನ್ನೆಲ್ಲ ಜಾತಿ ನಿರ್ಧರಿಸುತ್ತಿದ್ದ ನಾಡು ಇದು. ಡಾ. ಅಂಬೇಡಕರರು ಸಾತಾರಾದ ಶಾಲೆಯಲ್ಲಿ ತರಗತಿಯ ಒಂದು ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕುಳಿತುಕೊಳ್ಳಬೇಕಾಗಿತ್ತು. ಆ ಗೋಣಿಯನ್ನು ಶಾಲೆಯ ಜವಾನ ಮುಟ್ಟುತ್ತಿರಲಿಲ್ಲವಾದ್ದರಿಂದ ಅದನ್ನು ಅವರೇ ಸಂಜೆ ಮನೆಗೆ ಒಯ್ದು ಮರುದಿನ ತರಬೇಕಾಗಿತ್ತು. ಅವರೇ ಬರೆದಿರುವ ಇನ್ನೊಂದು ಸಂಗತಿಯೂ ಇಲ್ಲಿ ನೆನೆಯತಕ್ಕದ್ದು. 1901ರಲ್ಲಿ ತಂದೆಯನ್ನು ಕಾಣಲು ಹೊರಟ ಆ ಮಕ್ಕಳು ಮಸೂರ ಎಂಬ ರೈಲು ನಿಲ್ದಾಣದಲ್ಲಿ ಇಳಿದರು. ಒಳ್ಳೆಯ ಉಡುಪು ತೊಟ್ಟಿದ್ದ ಅವರನ್ನು ನೋಡಿ ಸ್ಟೇಷನ್ ಮಾಸ್ತರರು ಬ್ರಾಹ್ಮಣರ ಮಕ್ಕಳೇ ಇರಬೇಕೆಂದು ಭಾವಿಸಿ ಅಕ್ಕರೆಯಿಂದ ವಿಚಾರಿಸಿದರು. ಜಾತಿ ಯಾವುದೆಂದು ತಿಳಿದೊಡನೆ ಅವರ ಮುಖ ಬೇರೆಯಾಯಿತು.

ಈ ಒಂದು ಘಟನೆಯಲ್ಲಿ ಸಮವಸ್ತ್ರದ ಶಕ್ತಿಯೂ ಇದೆ, ಅದರ ಮಿತಿಯೂ ಇದೆ. ಬಟ್ಟೆ ಸಮನಾಗಿದ್ದರೆ ನೋಡುವವನ ಕಣ್ಣು ಒಂದು ಗಳಿಗೆಯಾದರೂ ಸಮನಾಗುತ್ತದೆ. ಆ ಗಳಿಗೆ ಸಣ್ಣದಲ್ಲ. ಎಳೆಯ ಮಕ್ಕಳಿಗೆ ಗೆಳೆತನ ಕುದುರಲು ಅಷ್ಟು ಸಾಕು. ಆದರೆ ಬಟ್ಟೆಯೊಂದೇ ಮನಸ್ಸನ್ನು ತೊಳೆಯಲಾರದು. ಸಮವಸ್ತ್ರ ತೊಡಿಸಿದೆವು, ಇನ್ನು ಸಮಾನತೆ ತಾನಾಗಿ ಬಂತು ಎಂದು ಕೈತೊಳೆದುಕೊಳ್ಳುವ ಮುಖ್ಯೋಪಾಧ್ಯಾಯರು ಇದನ್ನು ನೆನಪಿನಲ್ಲಿಡಬೇಕು. ಅಂಗಿ ಒಂದೇ ಆಗಿದ್ದರೂ ಊಟದ ಡಬ್ಬಿ, ಕೈಗಡಿಯಾರ, ಬಿಟ್ಟುಹೋಗಲು ಬರುವ ಕಾರು ಇವೆಲ್ಲ ಮನೆಯ ಅಂತಸ್ತನ್ನು ಸಾರಿ ಹೇಳುತ್ತಲೇ ಇರುತ್ತವೆ.

ಆದರೂ ಸಮವಸ್ತ್ರ ಒಂದು ಮೆಟ್ಟಿಲು. ಕಾಮರಾಜರು ಮದ್ರಾಸಿನ ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ (1954-63) ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದ್ದಷ್ಟೇ ಅಲ್ಲದೆ ಬಡ ಮಕ್ಕಳಿಗೆ ಉಚಿತ ಸಮವಸ್ತ್ರವನ್ನೂ ಕೊಡಿಸಿದರು. ಹಸಿದ ಹೊಟ್ಟೆಯಷ್ಟೇ ಹರಿದ ಅಂಗಿಯೂ ಮಗುವನ್ನು ಶಾಲೆಯಿಂದ ದೂರ ಇಡುತ್ತದೆ ಎಂಬುದು ಶಾಲೆ ಮುಗಿಸಲಾಗದ ಆ ಮುತ್ಸದ್ದಿಗೆ ಚೆನ್ನಾಗಿ ಗೊತ್ತಿತ್ತು. ಕರ್ನಾಟಕದ ವಿದ್ಯಾವಿಕಾಸ ಯೋಜನೆ, ಮುಂಬಯಿ ಮಹಾನಗರಪಾಲಿಕೆಯು ತನ್ನ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ, ಉಚಿತವಾಗಿ ಹಂಚುವ ಬಟ್ಟೆ, ಚೀಲ, ಬೂಟುಗಳು, ಇವೆಲ್ಲ ಅದೇ ದಾರಿಯ ಹೆಜ್ಜೆಗಳು. ಇಂಥ ಸಮವಸ್ತ್ರಕ್ಕೆ ನಾವು ಕೈಮುಗಿಯುತ್ತೇವೆ.

ಇನ್ನು ಈ ಪದ್ಧತಿಯ ಹುಟ್ಟನ್ನು ಸ್ವಲ್ಪ ನೋಡೋಣ, ಏಕೆಂದರೆ ಅದನ್ನು ಮರೆತವರೇ ಇಂದು ಅದರ ಹೆಸರಿನಲ್ಲಿ ಹೆಚ್ಚು ಗದ್ದಲ ಮಾಡುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 1552ರಲ್ಲಿ ಸ್ಥಾಪನೆಯಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯ ಮಕ್ಕಳ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಇವು ಜಗತ್ತಿನ ಅತಿ ಹಳೆಯ ಶಾಲಾ ಸಮವಸ್ತ್ರಗಳಲ್ಲಿ ಒಂದು. ಅದು ಲಂಡನ್ನಿನ ಅನಾಥ ಮಕ್ಕಳಿಗಾಗಿ, ಗತಿಗೆಟ್ಟ ಮಕ್ಕಳಿಗಾಗಿ ತೆರೆದ ಧರ್ಮಶಾಲೆ. ನೀಲಿ ಬಣ್ಣ ಅಗ್ಗದ ಬಣ್ಣವಾಗಿತ್ತು. ಅಂದರೆ ಸಮವಸ್ತ್ರ ಮೊದಲಿಗೆ ಬಂದದ್ದು ಬಡತನದ ಗುರುತಾಗಿ. ಕೊಟ್ಟವರು ದಾನಿಗಳು, ತೊಟ್ಟವರು ದಿಕ್ಕಿಲ್ಲದವರು. ದೊಡ್ಡವರ ಮಕ್ಕಳು ಓದುವ ಶಾಲೆಗಳು ಟೈ, ಟೋಪಿ, ಕೋಟುಗಳನ್ನು ಪ್ರತಿಷ್ಠೆಯ ಗುರುತು ಮಾಡಿಕೊಂಡದ್ದು ಬಹುಕಾಲದ ಮೇಲೆ. ಆಶ್ಚರ್ಯದ ಸಂಗತಿಯೆಂದರೆ, ಆ ಹಳೆಯ ಶಾಲೆ ಇಂದಿಗೂ ತನ್ನ ಸಮವಸ್ತ್ರವನ್ನು ಮಕ್ಕಳಿಗೆ ಪುಕ್ಕಟೆಯಾಗಿಯೇ ಕೊಡುತ್ತದೆ. ನಾವು ಆಂಗ್ಲರಿಂದ ಟೈ ಕಲಿತೆವು, ಕೋಟು ಕಲಿತೆವು. ಪುಕ್ಕಟೆ ಕೊಡುವುದನ್ನು ಮಾತ್ರ ಕಲಿಯಲಿಲ್ಲ.

ಸಮವಸ್ತ್ರದಿಂದ ಶಿಸ್ತು ಬರುತ್ತದೆ ಎಂಬುದು ಆಡಳಿತ ಮಂಡಳಿಗಳವರು ಪದೇ ಪದೇ ಹೇಳುವ ಮಾತು. ಇದನ್ನು ಒರೆಗೆ ಹಚ್ಚಿ ನೋಡಬೇಕು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಎಂಬ ಊರು 1994ರಲ್ಲಿ ತನ್ನ ಸಾರ್ವಜನಿಕ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗೆ ಸಮವಸ್ತ್ರವನ್ನು ಕಡ್ಡಾಯ ಮಾಡಿತು. ಹೊಡೆದಾಟಗಳು ಕಡಿಮೆಯಾದವೆಂದು ವರದಿಗಳು ಬಂದವು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ನರೇ ತಮ್ಮ ವಾರ್ಷಿಕ ಭಾಷಣದಲ್ಲಿ ಸಮವಸ್ತ್ರದ ಪರವಾಗಿ ಮಾತನಾಡಿದರು. ಆದರೆ ಅದೇ ಹೊತ್ತಿನಲ್ಲಿ ಆ ಊರಿನ ಶಾಲೆಗಳಲ್ಲಿ ಬೇರೆ ಸುಧಾರಣೆಗಳೂ ಜಾರಿಗೆ ಬಂದಿದ್ದವು. ಬ್ರನ್ಸ್ಮಾ ಮತ್ತು ರಾಕ್‌ಮೋರ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮವಸ್ತ್ರದಿಂದ ಹಾಜರಿಯಾಗಲಿ ನಡತೆಯಾಗಲಿ ಸುಧಾರಿಸಿದ್ದು ಕಾಣುವುದಿಲ್ಲವೆಂದು ಹೇಳಿದರು. ಓದಿನಲ್ಲಿಯೂ ಲಾಭ ಕಾಣಲಿಲ್ಲ.

ಅಮೆರಿಕದವರೆಗೆ ಹೋಗುವುದೇಕೆ? ನಮ್ಮ ಮುಂಬಯಿ ಕನ್ನಡಿಗರ ಚರಿತ್ರೆಯಲ್ಲೇ ಇದಕ್ಕೆ ಉತ್ತರ ಇದೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಹೊಟೇಲುಗಳಲ್ಲಿ ಕಪ್ಪುಬಸಿ ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದರು. ಅವರಿಗೆ ಯಾವ ಟೈ ಇತ್ತು, ಯಾವ ಬ್ಲೇಝರ್ ಇತ್ತು? ದುಡಿದ ಬೆವರಿನ ಅಂಗಿಯೇ ಅವರ ಸಮವಸ್ತ್ರ. ಹಾಗೆ ಓದಿದವರಲ್ಲಿ ಹೊಟೇಲು ಮಾಲಿಕರಾದವರಿದ್ದಾರೆ, ವಕೀಲರಾದವರಿದ್ದಾರೆ, ಬ್ಯಾಂಕು ಕಚೇರಿಗಳಲ್ಲಿ ಮೇಲಿನ ಹುದ್ದೆಗೆ ಏರಿದವರಿದ್ದಾರೆ, ಲೇಖಕರಾದವರಿದ್ದಾರೆ. ಈ ಪತ್ರಿಕೆಯ ಹಿರಿಯ ಓದುಗರಲ್ಲೂ ಅಂಥವರಿಗೆ ಕೊರತೆಯಿಲ್ಲ. ಅವರಿಗಿಂತ ಶಿಸ್ತಿನ ವಿದ್ಯಾರ್ಥಿಗಳು ಯಾವ ಕಾನ್ವೆಂಟಿನಲ್ಲಿ ಸಿಕ್ಕಾರು? ಶಿಸ್ತು ಮಾಸ್ತರರ ನಡತೆಯಿಂದ ಬರುತ್ತದೆ, ಹೊತ್ತಿಗೆ ಸರಿಯಾಗಿ ನಡೆಯುವ ಪಾಠದಿಂದ ಬರುತ್ತದೆ, ಓದಬೇಕೆಂಬ ಹಸಿವಿನಿಂದ ಬರುತ್ತದೆ. ಕತ್ತಿಗೆ ಬಿಗಿದ ಪಟ್ಟಿಯಿಂದ ಬರುವುದು ಉಸಿರುಕಟ್ಟು ಮಾತ್ರ.

ಗುರುತಿಗೆ ಅನುಕೂಲ ಎಂಬ ವಾದದಲ್ಲಿ ಸತ್ಯವಿದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡ ಮಗು ಯಾವ ಶಾಲೆಯದೆಂದು ಅಂಗಿ ಹೇಳುತ್ತದೆ. ಬೆಳಿಗ್ಗೆ ಏನು ತೊಡಬೇಕೆಂಬ ರಗಳೆ ತಾಯಂದಿರಿಗೆ ತಪ್ಪುತ್ತದೆ. ಒಪ್ಪಿದೆವು. ಆದರೆ ಗುರುತಿಗೆ ಒಂದು ಬಣ್ಣದ ಅಂಗಿ, ಅದರ ಮೇಲೊಂದು ಬಿಲ್ಲೆ ಸಾಕಲ್ಲವೆ? ಕಾಲುಚೀಲದ ಅಂಚಿನಲ್ಲಿ ಶಾಲೆಯ ಹೆಸರು ನೇಯಿಸಿ ಯಾವ ಮಗುವನ್ನು ಯಾರು ಹುಡುಕಬೇಕಾಗಿದೆ?

ಈಗ ಅಸಲು ವಿಷಯಕ್ಕೆ ಬರೋಣ. ಸಮವಸ್ತ್ರ ಇಂದು ಒಂದು ವ್ಯಾಪಾರ. ಪೇಟೆಯಲ್ಲಿ ಸಿಗುವ ಸಾದಾ ಬಿಳಿ ಅಂಗಿ, ನೀಲಿ ಚಡ್ಡಿ ಆಗಿದ್ದರೆ ಪಾಲಕರು ನಾಲ್ಕು ಅಂಗಡಿ ತಿರುಗಿ, ಚೌಕಾಸಿ ಮಾಡಿ, ತಮ್ಮ ಕೈಗೆ ಎಟಕುವ ಬೆಲೆಗೆ ಕೊಂಡಾರು. ಇಲ್ಲವೆ ಬಟ್ಟೆ ತಂದು ಪಕ್ಕದ ಗಲ್ಲಿಯ ದರ್ಜಿಯ ಕೈಯಲ್ಲಿ ಹೊಲಿಸಿಯಾರು. ಅದಕ್ಕೆ ಅವಕಾಶವಾಗಬಾರದೆಂದೇ ಬೇರೆಲ್ಲೂ ಸಿಗದ ಒಂದು ಚೌಕುಳಿ, ಒಂದು ವಿಚಿತ್ರ ಅಂಚು, ಒಂದು ನೇಯ್ದ ಲಾಂಛನ. ಒಂದೇ ಅಂಗಡಿ ಎಂದಮೇಲೆ ಅಂಗಡಿಯವನು ಹೇಳಿದ್ದೇ ಬೆಲೆ. ಇಷ್ಟು ಸಾಲದೆಂಬಂತೆ ಕೆಲವು ವರ್ಷಗಳಿಗೊಮ್ಮೆ ಬಣ್ಣ ಬದಲು. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುವುದು ನಮ್ಮ ಮನೆಗಳಲ್ಲಿ ಎಂದಿನಿಂದಲೂ ನಡೆದು ಬಂದ ಉಳಿತಾಯ. ಬಣ್ಣ ಬದಲಾಯಿಸುವ ಒಂದು ಸುತ್ತೋಲೆ ಆ ಉಳಿತಾಯದ ಬುಡಕ್ಕೇ ಕೊಡಲಿ ಹಾಕುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ಶಾಲೆಗಳು ಪುಸ್ತಕ, ಸಮವಸ್ತ್ರಗಳ ವ್ಯಾಪಾರಕ್ಕೆ ಇಳಿಯಬಾರದೆಂದು ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ 2017ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ದಿಲ್ಲಿಯ ಶಿಕ್ಷಣ ನಿರ್ದೇಶನಾಲಯ 2022ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಲ್ಲಿ, ಖಾಸಗಿ ಶಾಲೆಗಳು ಕನಿಷ್ಠ ಮೂರು ವರ್ಷ ಸಮವಸ್ತ್ರದ ಬಣ್ಣ, ವಿನ್ಯಾಸಗಳನ್ನು ಬದಲಿಸಕೂಡದು, ಹತ್ತಿರದ ಕನಿಷ್ಠ ಐದು ಅಂಗಡಿಗಳ ವಿಳಾಸವನ್ನು ಪಾಲಕರಿಗೆ ತಿಳಿಸಬೇಕು ಎಂದು ವಿಧಿಸಿತು. ರೋಗ ಇಲ್ಲದಿದ್ದರೆ ಮದ್ದು ಏಕೆ ಬರೆಯಬೇಕಾಗಿತ್ತು? ಇಂಗ್ಲೆಂಡಿನವರೂ ಇದರಿಂದ ಬೇಸತ್ತು, ಸಮವಸ್ತ್ರದ ಖರ್ಚಿಗೆ ಕಡಿವಾಣ ಹಾಕಲೆಂದು 2021ರಲ್ಲಿ ಒಂದು ಕಾನೂನನ್ನೇ ಮಾಡಿಕೊಂಡರು. ಜಪಾನಿನಲ್ಲಂತೂ 2018ರಲ್ಲಿ ತೋಕಿಯೋದ ಗಿಂಝಾ ಬಡಾವಣೆಯ ಒಂದು ಸಾರ್ವಜನಿಕ ಪ್ರಾಥಮಿಕ ಶಾಲೆ, ಇಟಲಿಯ ಅರ್ಮಾನಿ ಕಂಪನಿಯ ವಿನ್ಯಾಸದ ಸಮವಸ್ತ್ರವನ್ನು ಆರಿಸಿಕೊಂಡಿತು. ಪೂರ್ತಿ ಕಟ್ಟಿನ ಬೆಲೆ ಸುಮಾರು 80,000 ಯೆನ್. ಆರು ವರ್ಷದ ಕೂಸಿಗೆ ಇಟಲಿಯ ಕೋಟು! ಅಲ್ಲಿನ ಜನ ದೊಡ್ಡ ಕೂಗೆಬ್ಬಿಸಿದರು. ನಮ್ಮಲ್ಲಿ ಕೂಗುವವರೂ ಇಲ್ಲ. ಕೂಗಿದರೆ ಎಲ್ಲಿ ಮಗುವಿನ ಮೇಲೆ ಕಣ್ಣು ಬೀಳುವುದೋ ಎಂಬ ಭಯ.

ಇನ್ನು ಹವಾಮಾನದ ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯಲ್ಲಿ ಬಟ್ಟೆ ಒಣಗಿಸುವುದೇ ಒಂದು ತಪಸ್ಸು. ಚಾಳಿನ ಒಂದೇ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಕೆಳಗೆ ಫ್ಯಾನು ತಿರುಗಿಸಿ, ಬೆಳಗಾತ ಎದ್ದು ಹಸಿ ಚಡ್ಡಿಗೆ ಇಸ್ತ್ರಿ ಹಾಕಿ ಒಣಗಿಸುವ ತಾಯಂದಿರಿಗೆ ಗೊತ್ತು ಈ ಕಷ್ಟ. ಅಂಥ ಮಳೆಯಲ್ಲಿ ನೆನೆದ ಚರ್ಮದ ಬೂಟು ಎರಡು ದಿನವಾದರೂ ಒಣಗದು. ಬೇಸಿಗೆಯಲ್ಲಿ ಬೆವರಿನ ಧಾರೆ. ಆಗ ಕತ್ತಿಗೆ ಟೈ, ಮೈಗೆ ಗಾಳಿಯಾಡದ ಪಾಲಿಯೆಸ್ಟರ್. 2022ರ ಮೇ ತಿಂಗಳ ಬಿಸಿಗಾಳಿಯ ಸಮಯದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಶಾಲೆಗಳಿಗೆ ಬರೆದು, ಟೈಯಂಥವನ್ನು ಬಿಡಬಹುದು, ಚರ್ಮದ ಬೂಟಿಗೆ ಬದಲು ಕ್ಯಾನ್ವಾಸ್ ಬೂಟಿಗೆ ಅವಕಾಶ ಕೊಡಬಹುದು, ತಿಳಿಬಣ್ಣದ ಸಡಿಲವಾದ ಹತ್ತಿಯ ಬಟ್ಟೆ ಒಳ್ಳೆಯದು ಎಂದು ಸಲಹೆ ಮಾಡಿತು. ಬಿಸಿಲು ಹೆಚ್ಚಾದಾಗ ಮಾತ್ರ ಏಕೆ ಈ ವಿವೇಕ? ನಮ್ಮ ನಾಡಿನ ಬಿಸಿಲು ಪ್ರತಿ ವರ್ಷವೂ ಬರುವ ನೆಂಟ. ಇಂಗ್ಲೆಂಡಿನ ಚಳಿಗೆ ಹುಟ್ಟಿದ ಉಡುಪನ್ನು ಅರಬ್ಬೀ ಸಮುದ್ರದ ದಂಡೆಯಲ್ಲಿ ತೊಡಿಸುವುದು ಹೆಮ್ಮೆಯ ವಿಷಯವಲ್ಲ, ಹೆಡ್ಡತನದ ವಿಷಯ.

ಹುಡುಗಿಯರ ಉಡುಪಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೊಣಕಾಲಿನ ಸ್ಕರ್ಟು ತೊಡಿಸಿ, ‘ಕಾಲು ಸರಿಯಾಗಿ ಇಟ್ಟು ಕುಳಿತುಕೋ’ ಎಂದು ದಿನವಿಡೀ ಗದರಿಸುವ ಪದ್ಧತಿ ನಮ್ಮ ಶಾಲೆಗಳದು. ಆಟದ ಬಯಲಿನಲ್ಲಿ ಹುಡುಗರು ಓಡುವಾಗ ಹುಡುಗಿಯರು ಗೋಡೆಗೆ ಒರಗಿ ನಿಂತಿರುವುದಕ್ಕೆ ಉಡುಪೂ ಒಂದು ಕಾರಣ. ಕೇರಳದ ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಙರ ಎಂಬ ಊರಿನ ಸರಕಾರೀ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಮುಕ್ಕಾಲು ಚಡ್ಡಿ ಮತ್ತು ಅಂಗಿಯನ್ನು ಗೊತ್ತುಮಾಡಿತು. 2021ರ ಡಿಸೆಂಬರಿನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಹಿರಿಯ ಮಾಧ್ಯಮಿಕ ಶಾಲೆಯೂ ಆ ದಾರಿ ಹಿಡಿಯಿತು. ವಿರೋಧವೂ ಬಂದಿತು, ಯಾರ ಮೇಲೂ ಹೇರುವುದಿಲ್ಲವೆಂದು ಸರಕಾರ ಸಮಾಧಾನ ಹೇಳಬೇಕಾಯಿತು. ಹೇರುವುದು ಬೇಡವೆಂಬುದು ನಮ್ಮ ಮತವೂ ಹೌದು. ಆದರೆ ಸಲ್ವಾರನ್ನೋ ಪ್ಯಾಂಟನ್ನೋ ತೊಡುವ ಆಯ್ಕೆ ಹುಡುಗಿಗೆ ಇದ್ದರೆ ಯಾವ ಶಾಲೆಯ ಛಾವಣಿ ಕುಸಿಯುತ್ತದೆ?

ಖಾಸಗಿ ಶಾಲೆಗಳ ಮಾತಾಯಿತು. ಸರಕಾರದ ಕೈಯಲ್ಲಿ ಸಮವಸ್ತ್ರದ ಪಾಡೇನು? ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಎಂಟನೆಯ ತರಗತಿಯವರೆಗಿನ ಸರಕಾರೀ ಶಾಲೆಯ ಮಗುವಿಗೆ ವರ್ಷಕ್ಕೆ ಎರಡು ಜೊತೆ ಬಟ್ಟೆಗೆಂದು ಗೊತ್ತುಮಾಡಿದ ಮೊತ್ತ 600 ರೂಪಾಯಿ. ಮೊದಲು ಅದು 400 ಇತ್ತು, 2018ರಲ್ಲಿ ಏರಿತು. ಅಂದರೆ ಬಟ್ಟೆ, ಹೊಲಿಗೆ, ಗುಂಡಿ ಎಲ್ಲ ಸೇರಿ ಒಂದು ಜೊತೆಗೆ 300 ರೂಪಾಯಿ. ಇದರಲ್ಲಿ ಎಂಥ ಬಟ್ಟೆ ಬರುತ್ತದೆಂಬುದನ್ನು ಓದುಗರೇ ಊಹಿಸಬಹುದು. ಅದೂ ಎಲ್ಲ ಮಕ್ಕಳಿಗಲ್ಲ: ಎಲ್ಲ ಹುಡುಗಿಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹುಡುಗರಿಗೆ ಮತ್ತು ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ಹುಡುಗರಿಗೆ. ಉಳಿದ ಹುಡುಗರ ಖರ್ಚನ್ನು ರಾಜ್ಯವೋ ಸ್ಥಳೀಯ ಸಂಸ್ಥೆಯೋ ಹೊತ್ತರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ಬೆಂಚಿನ ಮಕ್ಕಳಲ್ಲಿ ನಿನಗುಂಟು, ನಿನಗಿಲ್ಲ ಎಂದು ಹೆಸರು ಕೂಗಿ ಸಮವಸ್ತ್ರ ಹಂಚಿದರೆ, ಯಾವ ಭೇದವನ್ನು ಮುಚ್ಚಲು ಬಟ್ಟೆ ತಂದೆವೋ ಅದೇ ಭೇದವನ್ನು ಬಟ್ಟೆಯ ಮೂಲಕವೇ ಸಾರಿದಂತಾಗಲಿಲ್ಲವೆ?

ನಮ್ಮ ಮಹಾರಾಷ್ಟ್ರದ ಅನುಭವ ಇನ್ನೂ ಬೋಧಪ್ರದವಾಗಿದೆ. ‘ಒಂದು ರಾಜ್ಯ, ಒಂದು ಸಮವಸ್ತ್ರ’ ಎಂಬ ಘೋಷಣೆ 2023ರಲ್ಲಿ ಹೊರಟಿತು. ಅದುವರೆಗೆ ಆಯಾ ಶಾಲೆಯ ವ್ಯವಸ್ಥಾಪನ ಸಮಿತಿ, ಅಂದರೆ ಪಾಲಕರೂ ಶಿಕ್ಷಕರೂ ಕೂಡಿದ ಸಮಿತಿ, ಹತ್ತಿರದಲ್ಲೇ ಬಟ್ಟೆ ಕೊಂಡು ಹೊಲಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಬಟ್ಟೆಯ ಖರೀದಿ ರಾಜ್ಯಮಟ್ಟದಲ್ಲಿ, ಹೊಲಿಗೆ ಮಹಿಳಾ ಸ್ವಸಹಾಯ ಗುಂಪುಗಳಲ್ಲಿ. ಉದ್ದೇಶ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ 2024ರಲ್ಲಿ ಆದದ್ದೇನು? ಶಾಲೆ ಶುರುವಾಗಿ ತಿಂಗಳುಗಳು ಕಳೆದರೂ ಎಷ್ಟೋ ಮಕ್ಕಳಿಗೆ ಬಟ್ಟೆ ತಲುಪಲಿಲ್ಲ. ತಲುಪಿದ ಕಡೆ ಅಳತೆ ಹೊಂದಲಿಲ್ಲ. ಹೊಲಿಯುವ ಹೆಂಗಸರಿಗೆ ಕೂಲಿ ಸಾಲದು, ಮಕ್ಕಳಿಗೆ ಅಂಗಿ ಸಾಲದು. ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ ಸರಕಾರ ಆ ಪದ್ಧತಿಯನ್ನು ಕೈಬಿಟ್ಟು ಅಧಿಕಾರವನ್ನು ಮತ್ತೆ ಶಾಲಾ ಸಮಿತಿಗಳಿಗೇ ಒಪ್ಪಿಸಿತು. ಮಗುವಿನ ಮೈಯ ಅಳತೆ ಮಂತ್ರಾಲಯದಲ್ಲಿ ಕುಳಿತವರಿಗೆ ಸಿಗುವುದಿಲ್ಲ, ಊರಿನ ದರ್ಜಿಗೆ ಸಿಗುತ್ತದೆ ಎಂಬ ಸರಳ ಪಾಠಕ್ಕೆ ಒಂದು ಇಡೀ ಶಾಲಾವರ್ಷ ಬಲಿಯಾಯಿತು.

ತವರಿನ ಕಡೆಗೂ ನೋಡೋಣ. ಸರಕಾರೀ ಶಾಲೆಯಲ್ಲಿ ಎರಡನೆಯ ಜೊತೆ ಬಟ್ಟೆ ಹಾಗೂ ಬೂಟು ಸಿಗಲಿಲ್ಲವೆಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪರವಾಗಿ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಕೊಡತಕ್ಕದ್ದೆಂದು 2019ರಲ್ಲಿ ಆದೇಶವಾಯಿತು. ಆದೇಶ ಪಾಲನೆಯಾಗಲಿಲ್ಲವೆಂದು 2023ರಲ್ಲಿ ನ್ಯಾಯಾಲಯವು ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹಕ್ಕನ್ನು ಕಾನೂನು ಕೊಟ್ಟಿತು, ನ್ಯಾಯಾಲಯ ಕೊಟ್ಟಿತು, ಕಚೇರಿ ಕೊಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಳ್ಳಲ್ಲ.

ಹಾಗೆಂದು ಎಲ್ಲವೂ ಕತ್ತಲೆಯಲ್ಲ. ವಿದ್ಯಾವಿಕಾಸದ ಬಟ್ಟೆಯನ್ನು ಕರ್ನಾಟಕದ ಕೈಮಗ್ಗ ನಿಗಮದ ನೇಕಾರರು ನೇಯ್ದದ್ದುಂಟು. ತೆಲಂಗಾಣದಲ್ಲಿ ಸಿರಿಸಿಲ್ಲದ ಮಗ್ಗಗಳಿಗೆ ಶಾಲಾ ಬಟ್ಟೆಯ ಬೇಡಿಕೆ ಕೆಲಸ ಒದಗಿಸಿದೆ. ಮಗುವಿಗೆ ಅಂಗಿ, ನೇಕಾರನಿಗೆ ಅನ್ನ. ಒಂದೇ ಕೈಯಲ್ಲಿ ಎರಡು ಪುಣ್ಯ. ಸಮವಸ್ತ್ರವನ್ನು ಹೀಗೆ ನಡೆಸಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಮವಸ್ತ್ರದ ಮಾತು ಬಂದಾಗ 2022ರಲ್ಲಿ ಉಡುಪಿಯಲ್ಲಿ ಮೊದಲಾದ ಶಿರವಸ್ತ್ರದ ವಿವಾದವನ್ನು ನೆನೆಯದೆ ಮುಂದೆ ಹೋಗುವುದು ಹೇಡಿತನವಾದೀತು. ಫೆಬ್ರವರಿ 5ರಂದು ಸರಕಾರದ ಆದೇಶ, ಮಾರ್ಚ್ 15ರಂದು ಅದನ್ನು ಎತ್ತಿಹಿಡಿದ ಉಚ್ಚ ನ್ಯಾಯಾಲಯದ ತೀರ್ಪು, ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಿಂದ ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪುಗಳು. ಧರ್ಮದ ಪ್ರಶ್ನೆಯನ್ನು ಇತ್ಯರ್ಥ ಮಾಡುವ ಯೋಗ್ಯತೆ ಈ ಪುಟಕ್ಕಿಲ್ಲ. ಆದರೆ ಒಂದು ಪ್ರಶ್ನೆ ಧರ್ಮದ್ದಲ್ಲ, ಶಾಲೆಯದು. ಓದಲೆಂದು ಪುಸ್ತಕ ಹಿಡಿದು ಬಂದ ಹುಡುಗಿ ಗೇಟಿನ ಹೊರಗೆ ನಿಂತಳು. ಪರೀಕ್ಷೆ ಒಳಗೆ ನಡೆಯಿತು. ಯಾವ ಪಕ್ಷದ ವಾದ ಗೆದ್ದರೂ ಆ ಹುಡುಗಿಯ ವರ್ಷ ಮರಳಿ ಬರಲಿಲ್ಲ. ಶುಲ್ಕ ಬಾಕಿಯಿರಲಿ, ಬೂಟು ಹರಿದಿರಲಿ, ತಲೆಯ ಮೇಲೆ ವಸ್ತ್ರವಿರಲಿ, ಹಣೆಯ ಮೇಲೆ ನಾಮವಿರಲಿ, ಉಡುಪಿನ ಕಾರಣಕ್ಕೆ ಮಗುವನ್ನು ಪಾಠದಿಂದ ಹೊರಗಿಡುವ ಅಧಿಕಾರ ಯಾವ ಶಾಲೆಗೂ ಇರಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ತಪ್ಪೆನಿಸಿದರೆ ಪಾಲಕರನ್ನು ಕರೆಸಿ ಮಾತನಾಡಲಿ. ಮಗು ಒಳಗೇ ಕುಳಿತಿರಲಿ.

ಹಾಗಾದರೆ ಸಮವಸ್ತ್ರವನ್ನೇ ಕಿತ್ತುಹಾಕಬಾರದೇಕೆ ಎಂದು ಕೆಲವು ವಿಚಾರವಂತರು ಕೇಳುತ್ತಾರೆ. ಜರ್ಮನಿಯ ಬಹುಪಾಲು ಶಾಲೆಗಳಲ್ಲಿ ಸಮವಸ್ತ್ರವಿಲ್ಲ, ಅಲ್ಲಿನ ಮಕ್ಕಳು ಕೆಟ್ಟುಹೋಗಿಲ್ಲ. ಪ್ರತಿ ಮಗುವಿಗೂ ತನ್ನದೇ ವ್ಯಕ್ತಿತ್ವವಿದೆ, ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದೇಕೆ ಎಂಬುದು ಅವರ ವಾದ. ವಾದ ಕೇಳಲು ಚೆನ್ನಾಗಿದೆ. ಆದರೆ ಮಗುವಿನ ವ್ಯಕ್ತಿತ್ವ ಅದರ ಮಾತಿನಲ್ಲಿದೆ, ಬರೆಹದಲ್ಲಿದೆ, ಕೇಳುವ ಪ್ರಶ್ನೆಯಲ್ಲಿದೆ. ಅಪ್ಪ ಕೊಡಿಸಿದ ಅಂಗಿಯಲ್ಲಿ ತೋರುವುದು ಅಪ್ಪನ ಜೇಬು. ಸಮವಸ್ತ್ರವಿಲ್ಲದ ಶಾಲೆಯಲ್ಲಿ ವರ್ಷದ ಇನ್ನೂರು ದಿನವೂ ಅಂಗಿಯ ಪೈಪೋಟಿ. ಹೊಟೇಲಿನ ಕಾರ್ಮಿಕನ ಮಗಳು, ಮನೆಗೆಲಸದವಳ ಮಗ ಆ ಪೈಪೋಟಿಯಲ್ಲಿ ಮೊದಲ ವಾರವೇ ಸೋಲುತ್ತಾರೆ. ಹುಟ್ಟುಹಬ್ಬದ ದಿನ ಮಾತ್ರ ಬಣ್ಣದ ಬಟ್ಟೆ ತೊಡಬಹುದೆಂಬ ಶಾಲೆಗಳಲ್ಲಿ, ಹೊಸ ಬಟ್ಟೆಯಿಲ್ಲದ ಮಕ್ಕಳು ಆ ದಿನ ಸಮವಸ್ತ್ರದಲ್ಲೇ ಬಂದು ಸುಮ್ಮನೆ ಕುಳಿತುಕೊಳ್ಳುವುದನ್ನು ಕಂಡ ಶಿಕ್ಷಕರನ್ನು ಕೇಳಿ ನೋಡಿ. ಆದ್ದರಿಂದಲೇ ನಾವು ಸಮವಸ್ತ್ರ ಇರಲಿ ಎನ್ನುತ್ತೇವೆ, ಅದರ ಸುತ್ತ ಬೆಳೆದ ವ್ಯಾಪಾರ ಮತ್ತು ಡೌಲು ಬೇಡ ಎನ್ನುತ್ತೇವೆ.

ಈಗ ನಮ್ಮವರ ಕಡೆಗೆ ತಿರುಗಬೇಕಾಗಿದೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ಕನ್ನಡಿಗರು ಕಟ್ಟಿ ಬೆಳೆಸಿದ ಶಿಕ್ಷಣ ಸಂಸ್ಥೆಗಳಿಗೆ ಕೊರತೆಯಿಲ್ಲ. ರಾತ್ರಿಶಾಲೆಯ ಬೆಂಚಿನಿಂದ ಎದ್ದುಬಂದವರೇ, ಇಲ್ಲವೆ ಅವರ ಮಕ್ಕಳೇ, ಹಲವೆಡೆ ಆಡಳಿತ ಮಂಡಳಿಗಳಲ್ಲಿ ಕುಳಿತಿದ್ದಾರೆ. ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿವೆ ಎಂದು ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಅವರು ನಿಟ್ಟುಸಿರು ಬಿಡುತ್ತಾರೆ. ಆದರೆ ಅದೇ ಆವರಣದ ಇಂಗ್ಲಿಷ್ ವಿಭಾಗದ ಮಕ್ಕಳಿಗೆ ಟೈ, ಕೋಟು. ಕನ್ನಡ ವಿಭಾಗದ ಮಕ್ಕಳಿಗೆ ಬೇರೆ ಬಣ್ಣದ ಸಾದಾ ಅಂಗಿ ಎಂಬ ವ್ಯವಸ್ಥೆ ಎಲ್ಲಾದರೂ ಇದ್ದರೆ, ಗೇಟಿನೊಳಗೆ ಕಾಲಿಡುತ್ತಲೇ ಆ ಮಗುವಿಗೆ ನಾವು ಏನನ್ನು ಕಲಿಸಿದೆವು? ನಿನ್ನ ತಾಯಿನುಡಿ ಎರಡನೆಯ ದರ್ಜೆಯದು ಎಂಬ ಪಾಠ ಕರಿಹಲಗೆಯ ಮೇಲೆ ಬರೆಯಬೇಕಾಗಿಲ್ಲ, ಅಂಗಿಯ ಮೇಲೆ ಬರೆದರೆ ಸಾಕು. ಒಂದು ಆವರಣಕ್ಕೆ ಒಂದೇ ಸಮವಸ್ತ್ರ ಎಂಬುದು ಇಂಥ ಸಂಸ್ಥೆಗಳ ಮೊದಲ ನಿಯಮವಾಗಬೇಕು.

ಉಳಿದ ನಮ್ಮ ಬೇಡಿಕೆಗಳು ಹೆಚ್ಚಿನವಲ್ಲ. ಸಮವಸ್ತ್ರ ಪೇಟೆಯ ಯಾವುದೇ ಅಂಗಡಿಯಲ್ಲಿ ಸಿಗುವ ಬಟ್ಟೆಯದಾಗಲಿ. ಶಾಲೆಯ ಗುರುತು ಹೊಲಿದು ಹಚ್ಚುವ ಒಂದು ಬಿಲ್ಲೆಯಷ್ಟೇ ಆಗಿರಲಿ, ಅದನ್ನು ಶಾಲೆ ಅಸಲು ಬೆಲೆಗೆ ಕೊಡಲಿ. ಒಮ್ಮೆ ಗೊತ್ತುಮಾಡಿದ ಬಣ್ಣ ಐದು ವರ್ಷ ಬದಲಾಗದಿರಲಿ. ಬಟ್ಟೆ ಹತ್ತಿಯದೋ ಹತ್ತಿ ಬೆರೆತದ್ದೋ ಆಗಿರಲಿ. ಟೈ, ಬ್ಲೇಝರ್‌ಗಳಿಗೆ ವಿದಾಯ ಹೇಳಲಿ. ಮಳೆಗಾಲದಲ್ಲಿ ಚಪ್ಪಲಿಗೆ ಅಡ್ಡಿ ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರ ಪಾಲಿನಲ್ಲಿ ಸೇರಿದ ಮಕ್ಕಳಿಗೆ ಸಮವಸ್ತ್ರವನ್ನೂ ಶಾಲೆಯೇ ಕೊಡಲಿ, ಅದೂ ಎಲ್ಲರೆದುರು ಹೆಸರು ಕೂಗದೆ ಕೊಡಲಿ. ಬಣ್ಣ ಬದಲಿಸುವ ಮುನ್ನ ಪಾಲಕರ ಸಭೆ ಕರೆದು ಖರ್ಚಿನ ಲೆಕ್ಕವನ್ನು ಮುಂದಿಡಲಿ. ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಆಡಳಿತ ಮಂಡಳಿಯ ಒಂದು ಬೈಠಕಿನ ಠರಾವು ಸಾಕು.

ಪಾಲಕರ ಪ್ರತಿಷ್ಠೆಯ ಹಸಿವೂ ಈ ವ್ಯಾಪಾರಕ್ಕೆ ಗೊಬ್ಬರ ಎಂಬುದನ್ನು ಮರೆಮಾಚಿ ಫಲವಿಲ್ಲ. ಟೈ ಕಟ್ಟಿದ ಮಗುವಿನ ಚಿತ್ರವನ್ನು ಊರಿಗೆ ಕಳಿಸುವ ಹಂಬಲ ನಮ್ಮಲ್ಲಿ ಎಷ್ಟು ಮಂದಿಗಿಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿ ನಮಗೇ ಇಲ್ಲದಿದ್ದರೆ ಶಾಲೆಯನ್ನು ದೂರಿ ಏನು ಪ್ರಯೋಜನ?

ನಮ್ಮ ಸಂಘ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಉಚಿತ ನೋಟುಪುಸ್ತಕಗಳ ವಿತರಣೆ ಹಲವು ಸಂಘಗಳು ನಿಷ್ಠೆಯಿಂದ ನಡೆಸಿಕೊಂಡು ಬಂದ ಸತ್ಕಾರ್ಯ. ಅದರ ಜೊತೆಗೆ ಮೇ ಕೊನೆಯ ಎರಡು ಭಾನುವಾರ ಸಂಘದ ಸಭಾಗೃಹದಲ್ಲಿ ಸಮವಸ್ತ್ರಗಳ ವಿನಿಮಯ ಏರ್ಪಡಿಸಬಾರದೇಕೆ? ಮಕ್ಕಳು ವರ್ಷಕ್ಕೆ ಎರಡು ಅಂಗುಲ ಬೆಳೆಯುತ್ತಾರೆ. ಅಂಗಿ ಸವೆಯುವ ಮೊದಲೇ ಗಿಡ್ಡವಾಗುತ್ತದೆ. ಒಗೆದು ಇಸ್ತ್ರಿ ಮಾಡಿದ ಅಂಥ ಅಂಗಿಗಳನ್ನು ತಂದುಕೊಟ್ಟು, ತಮಗೆ ಬೇಕಾದ ಅಳತೆಯದನ್ನು ಒಯ್ಯಲಿ. ಕೊಡುವವರು ದಾನಿಗಳೂ ಅಲ್ಲ, ಒಯ್ಯುವವರು ಬೇಡುವವರೂ ಅಲ್ಲ. ಶ್ರೀಮಂತರ ಮನೆಯವರೇ ಮೊದಲು ಬಂದು ಒಯ್ದರೆ ಬಡವರ ಸಂಕೋಚವೂ ಹರಿದೀತು. ಮಹಿಳಾ ವಿಭಾಗದವರು ಮನಸ್ಸು ಮಾಡಿದರೆ ಇದು ಒಂದು ವರ್ಷದಲ್ಲಿ ರೂಢಿಗೆ ಬಂದೀತು.

ಶಾಲೆಯ ಗೇಟಿನೊಳಗೆ ಬರುವ ಪ್ರತಿ ಮಗುವಿಗೂ ಮೈಗೆ ಹಿತವಾದ, ಮನೆಯವರ ಕೈಗೆ ಎಟಕುವ, ಗೆಳೆಯರ ನಡುವೆ ನಾಚಿಕೆಯಾಗದ ಒಂದು ಅಂಗಿ. ಸಮವಸ್ತ್ರವೆಂದರೆ ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ಯಾವ ಶಾಲೆ ಕೇಳಿದರೂ, ಏಕೆಂದು ಮರುಪ್ರಶ್ನೆ ಹಾಕುವ ಧೈರ್ಯವನ್ನು ಈ ಜೂನ್ ತಿಂಗಳಲ್ಲಾದರೂ ನಮ್ಮ ಪಾಲಕರು ತೋರಲಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಹತ್ತು ಮಂದಿ ಕೂಡಿ ಕೇಳಲಿ.